ಖಾಲಿ ಮೊಳೆಯ ಬಾಕಿ

ನಮ್ಮವರು ಹಾಸಿಗೆ ಹಿಡಿದ ಮೇಲೆ ನನಗೆ ಹೇಳಿದ ಮೊದಲ ಕೆಲಸ ಹೊಲದ್ದಲ್ಲ, ಗಿರಣಿಯದೂ ಅಲ್ಲ. ಸಿಂಧನೂರಿನ ಡೀಸೆಲ್ ಅಂಗಡಿಯ ಬಿಲ್ಲೆಯದು.

"ಅದನ್ನ ಅವ್ರಿಗೆ ಕೊಟ್ಟು ಖಾತಾ ಬಂದ್ ಮಾಡಿ ಬಾ. ನಾ ಇರಲಿಲ್ಲಂದ್ರ ನಿನ್ನ ಬೆನ್ನ ಬೀಳ್ತಾರ," ಅಂದರು.

"ಈಗ್ಯಾಕ ಆ ಮಾತು?" ಅಂದೆ.

"ಈಗ ಅಲ್ದ ಇನ್ನ್ಯಾವಾಗ ಹೇಳ್ಲಿ?"

ಕಾಮಾಲೆ ಅವರನ್ನು ಒಯ್ದಿತು. ಕಾರ್ಯ ಮುಗಿದು ನೆಂಟರು ಚದುರಿದ ಮೇಲೆ ನಾನು ಸಾಲಗುಂದದಿಂದ ಬಸ್ಸು ಹತ್ತಿ ಆ ಕೆಲಸ ಮಾಡಿ ಬಂದೆ. ಮಾಡಿದೆ ಎಂದೇ ತಿಳಿದಿದ್ದೆ. ಆ ಕೆಲಸ ನಿಜವಾಗಿ ಮುಗಿಯಲು ಮುಂದಿನ ದೀಪಾವಳಿಯ ಆಚೆಯ ದೀಪಾವಳಿ ಬರಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಎಲ್ಲರೂ ಏನಾದರೊಂದು ಹೊಸದಕ್ಕೆ ಕೈ ಹಾಕಿದರು. ನಮ್ಮವರು ಒಂದು ಇಂಜಿನ್ ತಂದು ಗಿರಣಿ ಹಾಕಿದರು. ಒಂದು ಕಡೆ ಜೋಳ ಬೀಸುವ ಕಲ್ಲು, ಇನ್ನೊಂದು ಕಡೆ ನೆಲ್ಲು ಬಡಿದು ಅಕ್ಕಿ ಮಾಡುವ ಹಲ್ಲರ್. ಬೆಲ್ಟಿನ ಪಟ್ಟಾ ಬದಲಿಸಿ ಹಾಕಿದರೆ ಒಂದೇ ಇಂಜಿನ್ ಎರಡನ್ನೂ ತಿರುಗಿಸುತ್ತಿತ್ತು. ಏಳನೆಯ ಇಯತ್ತೆ ಓದಿದ್ದ ನಾನು ತೂಕ ನೋಡಿ ಚೀಟಿ ಬರೆಯುತ್ತಿದ್ದೆ. ಅವರು ಹೋದ ಮೇಲೆ ಇಂಜಿನ್ ಚಾಲೂ ಮಾಡುವುದನ್ನೂ ಕಲಿತೆ. ಹಿಡಿ ತಿರುವಲು ತೋಳಿನಲ್ಲಿ ಶಕ್ತಿ ಬೇಕು. ಅದಕ್ಕಿಂತ ಹೆಚ್ಚಾಗಿ, ಅದು ಹಿಂದಕ್ಕೆ ಒದೆಯುವ ಕ್ಷಣಕ್ಕೆ ಕೈ ಬಿಡುವ ಬುದ್ಧಿ ಬೇಕು.

ಇಂಜಿನ್ನಿಗೆ ಡೀಸೆಲ್ಲು ಆ ಅಂಗಡಿಯಿಂದ ಬರುತ್ತಿತ್ತು. ಸಾಹುಕಾರ ಇರುವುದು ಲಿಂಗಸುಗೂರಿನಲ್ಲಿ, ಹಿರಿಯ ಅಂಗಡಿಯಲ್ಲಿ. ಸಿಂಧನೂರಿನ ಅಂಗಡಿಯನ್ನು ಮುನೀಮ ನೋಡಿಕೊಳ್ಳುತ್ತಿದ್ದ. ಡೀಸೆಲ್, ಇಂಜಿನ್ ಎಣ್ಣೆ, ಪಟ್ಟಾ, ಗೊಬ್ಬರ, ಎಲ್ಲವೂ ಉದ್ರಿ. ಖಾತೆ ತೆಗೆದವರಿಗೆ ಅಂಗಡಿಯವರು ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರು. ಅದರ ಮೇಲೆ ನಂಬರು. ಬಿಲ್ಲೆ ತೋರಿಸಿದವರಿಗೆ ಸಾಮಾನು. ಮುಖ ನೋಡುವುದಿಲ್ಲ, ಹೆಸರು ಕೇಳುವುದಿಲ್ಲ. ಈ ಸೌಲಭ್ಯಕ್ಕೆ ವರ್ಷಕ್ಕೊಮ್ಮೆ ದೀಪಾವಳಿಯಲ್ಲಿ ಫೀ ಕಟ್ಟಬೇಕು. ಹೊಸ ಗಿರಾಕಿಗೆ ಮೊದಲ ವರ್ಷ ಫೀ ಇಲ್ಲ ಎಂಬುದನ್ನು ಅವರು ದಾನಧರ್ಮದಂತೆ ಹೇಳಿಕೊಳ್ಳುತ್ತಿದ್ದರು.

ಅಂಗಡಿಯ ಒಳಗೋಡೆಗೆ ಒಂದು ಹಲಗೆ, ಅದರಲ್ಲಿ ಸಾಲಾಗಿ ಮೊಳೆಗಳು. ಪ್ರತಿ ಮೊಳೆಯ ಕೆಳಗೆ ಬಣ್ಣದಲ್ಲಿ ನಂಬರು ಮತ್ತು ಹೆಸರು. ಬಿಲ್ಲೆ ಮೊಳೆಯ ಮೇಲೆ ತೂಗುತ್ತಿದ್ದರೆ ಆ ಖಾತೆ ಇಲ್ಲ ಎಂದರ್ಥ. ಮೊಳೆ ಖಾಲಿ ಇದ್ದರೆ ಬಿಲ್ಲೆ ಗಿರಾಕಿಯ ಹತ್ತಿರ ಇದೆ, ಖಾತೆ ನಡೆಯುತ್ತಿದೆ ಎಂದರ್ಥ. ನಮ್ಮದು ನಲವತ್ತೊಂದು.

ನಾನು ಹೋದ ದಿನ ಮುನೀಮ ಬಾಕಿಯೆಲ್ಲ ಎಣಿಸಿಕೊಂಡು ಪೆಟ್ಟಿಗೆಗೆ ಹಾಕಿ, "ಚುಕ್ತಾ ಆತು ಯವ್ವಾ," ಅಂದ. ನನ್ನ ಕಣ್ಣೆದುರೇ ಬಿಲ್ಲೆಯನ್ನು ಮೊಳೆಗೆ ತೂಗುಹಾಕಿದ.

"ಒಂದು ರಸೀದಿ ಕೊಡ್ರಿ," ಅಂದೆ.

"ರಸೀದಿ ಯಾತಕ್ಕ? ಬಿಲ್ಲಿ ಮೊಳಿಗಿ ಬಿತ್ತಲ್ಲ. ಅದಾ ರಸೀದಿ."

ಹಿಂದೆ ನಿಂತಿದ್ದ ಗಿರಾಕಿಗಳು ನಕ್ಕರು. ಓದಿದ ಹೆಂಗಸಿನ ದಿಮಾಕು ಎಂದುಕೊಂಡಿರಬೇಕು. ನಾನು ಸೆರಗು ಸರಿಮಾಡಿಕೊಂಡು ಹೊರಗೆ ಬಂದೆ. ಅಂದಿನಿಂದ ಡೀಸೆಲ್ಲನ್ನು ರೊಕ್ಕ ಕೊಟ್ಟು, ಒಂದೊಂದೇ ಕ್ಯಾನು, ಬೇರೆ ಕಡೆ ತರತೊಡಗಿದೆ.

ದೀಪಾವಳಿ ಮುಗಿದ ಮೇಲೆ ಅಂಗಡಿಯ ಆಳು ಸೈಕಲ್ ಮೇಲೆ ಬಂದು ಒಂದು ಚೀಟಿ ಕೊಟ್ಟ. ನಮ್ಮವರ ಹೆಸರಿಗೆ ಬಿಲ್ಲೆಯ ವಾರ್ಷಿಕ ಫೀ ಐದು ರೂಪಾಯಿ ಬಾಕಿ. ಏನೋ ತಪ್ಪಾಗಿರಬೇಕು, ಹೋದಾಗ ಹೇಳಿದರಾಯಿತು ಎಂದು ಚೀಟಿಯನ್ನು ಜಂತಿಗೆ ಸಿಕ್ಕಿಸಿದೆ. ಎರಡನೆಯ ಚೀಟಿ ಬಂದಾಗ ಅದರಲ್ಲಿ ದಂಡವೂ ಸೇರಿತ್ತು. ಖಾಲಿ ಕ್ಯಾನು ಹಿಡಿದು ಸಿಂಧನೂರಿಗೆ ಹೋದೆ.

ಮುನೀಮನ ಮುಂದೆ ಚೀಟಿ ಇಟ್ಟೆ. "ಇದೇನ್ರಿ?"

"ಫೀ. ಓದಾಕ ಬರ್ತದಲ್ಲ ನಿನಗ?"

"ಬರ್ತದ್ರಿ. ಹಂಗಾದ್ರ ಈ ಕ್ಯಾನಿಗೆ ಡೀಜಲ್ ಹಾಕ್ರಿ. ನಮ್ಮವ್ರ ಖಾತಾಕ್ಕ ಬರ್ಕೋರಿ."

ಅವನು ಕನ್ನಡಕದ ಮೇಲಿನಿಂದ ನೋಡಿದ. "ಅದೆಂಗ ಹಾಕ್ಲಿ? ಖಾತಾ ಬಂದ್ ಆಗೇತಿ."

"ಬಂದ್ ಆಗಿದ್ರ ಫೀ ಯಾತರದು?"

ಅವನು ಚೀಟಿಯನ್ನು ಎತ್ತಿ ಹಿಂದೆ ಮುಂದೆ ತಿರುವಿ ನೋಡಿದ. ಅಷ್ಟರಲ್ಲೇ ನಾನು ಗೆದ್ದೆನೆಂದುಕೊಂಡೆ. ಆದರೆ ಇಂಥವರಿಗೆ ಉತ್ತರ ಇಲ್ಲದಿರುವುದೇ ಇಲ್ಲ. ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದೂಡಿಕೊಂಡು ಹೇಳಿದ:

"ಫೀ ಖಾತಾದ್ದಲ್ಲ ಯವ್ವಾ, ಬಿಲ್ಲಿದು. ಖಾತಾ ಬಂದ್ ಆದ್ರೂ ಬಿಲ್ಲಿ ನಿಮ್ಮ ಹತ್ರಾನ ಐತಿ."

"ನಿಮ್ಮ ಕೈಯಾಗ ಕೊಟ್ಟೀನಿ. ನೀವಾ ಮೊಳಿಗಿ ಹಾಕೀರಿ."

ಅವನು ಹಿಂದಕ್ಕೆ ತಿರುಗದೆ ಹೆಬ್ಬೆರಳಿನಿಂದ ಗೋಡೆ ತೋರಿಸಿದ. ನಲವತ್ತೊಂದರ ಮೊಳೆ ಖಾಲಿ ಇತ್ತು. ಕೆಳಗೆ ನಮ್ಮವರ ಹೆಸರು.

"ಮೊಳಿ ಸುಳ್ಳು ಹೇಳ್ತದೇನು?"

"ಮೊಳಿ ಏನೂ ಹೇಳಂಗಿಲ್ರಿ. ನಾ ಹೇಳಾಕತ್ತೀನಿ."

"ಹಂಗಾದ್ರ ರಸೀದಿ ತೋರಸು."

ನಾನು ಅವನ ಮುಖವನ್ನೇ ನೋಡಿದೆ. ರಸೀದಿ ಬೇಡವೆಂದು ಹೇಳಿದವನು ತಾನೇ ಎಂಬುದು ಅವನಿಗೆ ನೆನಪಿತ್ತು. ನೆನಪಿರುವುದು ನನಗೆ ಕಾಣಿಸಿತು. ಅದು ಕಾಣಿಸಿತೆಂದು ಅವನಿಗೂ ಗೊತ್ತಾಯಿತು. ಆದರೂ ಕಣ್ಣು ಮಿಟುಕಿಸಲಿಲ್ಲ. ಸುಳ್ಳು ಹೇಳುವವರನ್ನು ನಾನು ಗಿರಣಿಯಲ್ಲಿ ದಿನವೂ ನೋಡುತ್ತೇನೆ. ತೂಕ ಕಡಿಮೆ ಬಂತೆನ್ನುವವರು, ಹಿಟ್ಟು ದಪ್ಪವಾಯಿತೆಂದು ಕಾಸು ಮುರಿದುಕೊಳ್ಳುವವರು. ಅವರಿಗೆಲ್ಲ ಒಂದು ಗಳಿಗೆ ನಾಚಿಕೆ ಬರುತ್ತದೆ. ಇವನಿಗೆ ಬರಲಿಲ್ಲ. ತನ್ನ ಕೆಲಸ ತಾನು ಮಾಡುತ್ತಿದ್ದೇನೆ ಎಂಬಂತೆ ಕುಳಿತಿದ್ದ.

ಸಂಕ್ರಾಂತಿಯ ಹೊತ್ತಿಗೆ ನಮ್ಮವರ ಹೆಸರು ಬಾಕಿ ಹಲಗೆಯ ಮೇಲೆ ಬಂತು.

ಆ ಹಲಗೆ ಅಂಗಡಿಯ ಹೊರಗೆ, ಬೀದಿಗೆ ಮುಖ ಮಾಡಿ ಇತ್ತು. ಸಂತೆಗೆ ಬರುವವರೆಲ್ಲ ಅದರ ಮುಂದೆಯೇ ಹಾದುಹೋಗಬೇಕು. ಉದ್ರಿ ತೀರಿಸದವರ ಹೆಸರನ್ನು ಮುನೀಮ ತಾನೇ ಬೇವಿನ ಕಡ್ಡಿಯ ತುದಿ ಜಗಿದು, ಬಿಳಿ ಬಣ್ಣದಲ್ಲಿ ಅದ್ದಿ ಬರೆಯುತ್ತಿದ್ದ. ಒಳಗಿನ ಮೊಳೆಗಳ ಕೆಳಗಿನ ಹೆಸರು ಬದಲಿಸಲು ಪೇಂಟರು ಬರಬೇಕು, ಅವನಿಗೆ ಕೂಲಿ ಕೊಡಬೇಕು, ಅದಕ್ಕೆ ವರ್ಷಗಟ್ಟಲೆ ಪುರುಸೊತ್ತಿಲ್ಲ. ಜನರ ಮಾನ ಬೀದಿಗೆ ಹಾಕುವುದಕ್ಕೆ ಮಾತ್ರ ಬೇವಿನ ಕಡ್ಡಿ ಸಾಕು.

ನಮ್ಮೂರಿನವರು ಬಂದು ಸುದ್ದಿ ಹೇಳಿದರು. ಕೆಲವರು ಕನಿಕರದಿಂದ, ಕೆಲವರು ಬೇರೆ ಏನೋ ಸೇರಿಸಿ. ಒಬ್ಬಾಕೆ ಜೋಳದ ಬುಟ್ಟಿ ಇಳಿಸುತ್ತ, "ಪಾಪ, ಇದ್ದಾಗ ಬಾಳ ಮಂದಿಗಿ ಕೊಡೋದೈತಿ ಅಂತ ಹೇಳ್ಕೊಳ್ಳಲಿಲ್ಲ ನೋಡು," ಅಂದಳು. ನಾನು ಅವಳ ಜೋಳವನ್ನು ಬೀಸಿಕೊಟ್ಟೆ. ಹಿಟ್ಟು ನುಣ್ಣಗೇ ಬಂತು.

ಐದು ರೂಪಾಯಿಯನ್ನು ನಾನು ಕೊಡಬಹುದಿತ್ತು. ನನ್ನ ಮೈದುನ ದಿನವೂ ಅದನ್ನೇ ಹೇಳುತ್ತಿದ್ದ. "ಅತ್ತಿಗಿ, ಅವ್ನ ಮಾರಿಗಿ ಒಗದು ಬಾ. ಐದು ರೂಪಾಯ್ಗೆ ಇಷ್ಟ್ಯಾಕ ಜಿದ್ದು?"

"ಕೊಟ್ರ ಬಾಕಿ ಇತ್ತು ಅಂದಂಗಾತಲ್ಲೋ ತಮ್ಮ."

"ಇರ್ಲಿ ಬಿಡು. ಅಣ್ಣಗ ಈಗ ಏನ ಆಗೂದೈತಿ?"

ನಮ್ಮವರು ಕೊನೆಗೆ ನನ್ನನ್ನು ನಂಬಿ ಒಂದು ಕೆಲಸ ಹೇಳಿದ್ದರು. ಅದನ್ನು ಮಾಡಿದ್ದೆ. ಅದು ಆಗಿಲ್ಲವೆಂದು ಬೀದಿಯಲ್ಲಿ ಬರೆದಿದ್ದರು, ಅದೂ ಅವರ ಹೆಸರಿನಲ್ಲೇ. ಅದನ್ನು ಅಳಿಸದೆ ನನಗೆ ಮುಂದಿನ ಕೆಲಸ ಮಾಡಲು ಆಗುತ್ತಿರಲಿಲ್ಲ. ಮೈದುನನಿಗೆ ಇದನ್ನು ಬಿಡಿಸಿ ಹೇಳಲು ಬರಲಿಲ್ಲ.

ಹೆಸರು ಹಲಗೆಗೆ ಬಂದ ಮೇಲೆ ನಾನು ಮತ್ತೆ ಹೋದಾಗ ಮುನೀಮ, "ಇದು ನನ್ನ ಕೈಯಾಗಿಲ್ಲ. ಸಾವಕಾರ್ರಿಗಿ ಹೇಳು, ಲಿಂಗಸುಗೂರಿಗಿ ಹೋಗು," ಅಂದ. ಹೋದೆ. ಗಿರಣಿಗೆ ಒಂದು ದಿನ ಬೀಗ ಹಾಕಿ, ಸಿಂಧನೂರಿನಿಂದ ಮಸ್ಕಿಗೆ ಒಂದು ಬಸ್ಸು, ಮಸ್ಕಿಯ ಗುಡ್ಡದ ಕೆಳಗೆ ಬಿಸಿಲಲ್ಲಿ ಕಾದು ಇನ್ನೊಂದು ಬಸ್ಸು. ಮಸ್ಕಿ ದಾಟಿದ ಮೇಲೆ ಕಾಲುವೆಯ ಹಸಿರು ಇರುವುದಿಲ್ಲ. ಜೋಳದ ಕೂಳೆ, ಕಲ್ಲು, ಕುರಿ. ಆ ಬಯಲು ನೋಡಿ ನನಗೆ ಅಂದು ಸಮಾಧಾನವೇ ಆಯಿತು.

ಸಾಹುಕಾರ ಮುನೀಮನಂತಲ್ಲ. ಎದ್ದು ನಿಲ್ಲದಿದ್ದರೂ ಕುಳಿತಲ್ಲೇ ಕೈ ಮುಗಿದ. ಚಹಾ ತರಿಸಿದ. ನನ್ನ ಮಾತನ್ನು ಕಣ್ಣು ಮುಚ್ಚಿ ಕೇಳಿದ. ಅಷ್ಟು ಹೊತ್ತೂ ಅವನ ಬೆರಳು ಜಪಸರ ಎಣಿಸುತ್ತಿತ್ತು.

"ಐದು ರೂಪಾಯ್ಗೆ ಇಷ್ಟು ದೂರ ಬಂದಿಯೇನು ತಂಗಿ?" ಅಂದ. "ಬಸ್ ಚಾರ್ಜಾ ಅಷ್ಟಾತಲ್ಲ."

"ಹೌದ್ರಿ."

"ಆತು ಬಿಡು. ಗಂಡನ್ನ ಕಳ್ಕೊಂಡಾಕಿ. ನಿನ್ನ ಹತ್ರ ನಾ ತಗೋಬಾರದು. ಮಾಫ್ ಮಾಡೀನಿ ಹೋಗು."

"ಮಾಫ್ ಬ್ಯಾಡ್ರಿ. ಕೊಡೋದಿದ್ರ ಮಾಫ್. ಕೊಡೋದಾ ಇಲ್ಲ. ಹೆಸರು ಅಳಸ್ರಿ ಸಾಕು."

"ಎರಡೂ ಒಂದಾ ಅಲ್ಲೇನು?" ಎಂದು ನಕ್ಕ. ಮೆತ್ತಗಿನ ನಗೆ. ಹಿರಿತನದ ನಗೆ. ತನ್ನ ದಯೆಗೆ ಎದುರು ಮಾತನಾಡಿದವರನ್ನು ಅವನು ಕಂಡಿರಲಿಲ್ಲ. ಹೀಗಾಗಿ ನಾನು ಹೇಳಿದ್ದು ಅವನ ಕಿವಿಯವರೆಗೂ ಹೋಗಲಿಲ್ಲ. "ಬಿಲ್ಲಿ ವಿಚಾರ ಎಲ್ಲಾ ಸಿಂಧನೂರಾಗ. ನಾ ಚೀಟಿ ಬರದು ಕಳಸ್ತೀನಿ. ಊಟಾ ಮಾಡಿ ಹೋಗು," ಅಂದ.

ಊಟ ಮಾಡಲಿಲ್ಲ. ಮುಂದಿನ ಸಂತೆಗೆ ಸಿಂಧನೂರಿಗೆ ಹೋದೆ. ಹಲಗೆಯ ಮೇಲೆ ನಮ್ಮವರ ಹೆಸರು ಹಾಗೆಯೇ ಇತ್ತು. ಅದರ ಪಕ್ಕದಲ್ಲಿ, ಅದೇ ಬೇವಿನ ಕಡ್ಡಿಯ ದಪ್ಪ ಅಕ್ಷರದಲ್ಲಿ, ಹೊಸದಾಗಿ ಎರಡು ಪದ ಬರೆದಿದ್ದರು: ದಯಾ ಮಾಫಿ.

ಬಾಕಿದಾರ ಎಂಬುದಕ್ಕಿಂತ ಕೀಳಾದದ್ದು ಇರಬಹುದೆಂದು ನಾನು ಎಣಿಸಿರಲಿಲ್ಲ. ಈಗ ಅವರು ತೀರಿಸದೆ ಸತ್ತವರು, ಸಾಹುಕಾರ ಉದಾರಿ, ನಾನು ಬೇಡಿದವಳು. ಮೂರೂ ಒಂದೇ ಸಾಲಿನಲ್ಲಿ. ಸಂತೆಯವರು ಓದಿಕೊಂಡು, "ದೊಡ್ಡ ಮನಸ್ಸು," ಎಂದು ಮುಂದೆ ಹೋಗುತ್ತಿದ್ದರು. ಒಂದು ಪಟ್ಟಾ ಕೊಳ್ಳಲು ಪಕ್ಕದ ಅಂಗಡಿಗೆ ಹೋದರೆ, ಆ ಅಂಗಡಿಯವ ನನ್ನ ಕೈಯಲ್ಲಿ ನೋಟು ಕಂಡ ಮೇಲೂ, "ಉದ್ರಿ ಇಲ್ಲ ನೋಡವ್ವ," ಎಂದು ಮೊದಲೇ ಹೇಳಿದ.

ಮಳೆಗಾಲ ಬಂತು. ನಾಟಿ ಶುರುವಾಗುವ ಮುಂಚೆ ಹಳೆಯ ನೆಲ್ಲು ಬಡಿಸಲು ಕ್ಯಾಂಪಿನವರು ಗಾಡಿ ಕಟ್ಟಿಕೊಂಡು ಬರುತ್ತಾರೆ. ಕಾಲುವೆ ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಹೊಲ ಮಾಡಿದವರು. ಒಂದು ದಿನ ಅವರಲ್ಲೊಬ್ಬ ರೈತ ಚೀಲ ಇಳಿಸಿ, ಹಲ್ಲರಿನ ಮುಂದೆ ಬಗ್ಗಿ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದ. ಅವನ ಉಡದಾರಕ್ಕೆ ಕಟ್ಟಿದ್ದ ಹಿತ್ತಾಳೆ ಬಿಲ್ಲೆ ಹೊರಗೆ ಜೋತುಬಿತ್ತು.

ಆ ಅಂಗಡಿಯ ಬಿಲ್ಲೆಗಳೆಲ್ಲ ಚೌಕ. ಇದರ ಒಂದು ಮೂಲೆ ಮಾತ್ರ ಗುಂಡಗಿತ್ತು. ಅಂಗಿಯ ಜೇಬು ಹರಿಯುತ್ತದೆಂದು ನಮ್ಮವರು ಗಿರಣಿಯಲ್ಲೇ ಅರದಿಂದ ಉಜ್ಜಿ ಆ ಮೂಲೆ ಮುರಿದಿದ್ದರು. ನಾನು ಪಟ್ಟಾ ಜಾರಿಸಿ ಹಲ್ಲರು ನಿಲ್ಲಿಸಿದೆ.

"ನಿಂದು ಎಷ್ಟನೇ ನಂಬರ್ ಅಪ್ಪಾ?"

ಅವನು ಬಿಲ್ಲೆ ತಿರುಗಿಸಿ ತೋರಿಸಿದ. ನಲವತ್ತೊಂದು.

"ಇದು ಎಲ್ಲಿ ಸಿಕ್ತು?"

"ಎಲ್ಲಿ ಸಿಗೋದೇನಮ್ಮಾ? ಮುನೀಮ್ ಗಾರು ಕೊಟ್ರು. ಪೋಯಿನ ವರ್ಷ, ಹೋದ ವರ್ಷಾನೇ, ಖಾತಾ ತೆಗ್ದಾಗ. ಗೋಡೆ ಮ್ಯಾಲಿಂದ ತೀಸಿ ಕೈಗೆ ಕೊಟ್ರು." ನನ್ನ ಮುಖ ನೋಡಿ ಗಾಬರಿಯಾದ. "ಏಮೈಂದಿ? ಏನಾತಮ್ಮಾ?"

ಆಗ ಎಲ್ಲ ತಿಳಿಯಿತು. ನಾನು ಕೊಟ್ಟ ಬಿಲ್ಲೆಯನ್ನು ಮುನೀಮ ಈತನಿಗೆ ಕೊಟ್ಟಿದ್ದ. ಹೊಸ ಗಿರಾಕಿ, ಮೊದಲ ವರ್ಷ ಫೀ ಇಲ್ಲ, ಹೀಗಾಗಿ ಇವನಿಗೆ ಯಾರೂ ಏನೂ ಕೇಳಲಿಲ್ಲ. ಮೊಳೆಯ ಕೆಳಗೆ ಮಾತ್ರ ಹಳೆಯ ಹೆಸರೇ ಉಳಿಯಿತು. ದೀಪಾವಳಿಯಲ್ಲಿ ಮುನೀಮ ಗೋಡೆಯ ಮುಂದೆ ನಿಂತು, ಯಾವ ಯಾವ ಮೊಳೆ ಖಾಲಿ ಇದೆಯೋ ಅದರ ಕೆಳಗಿನ ಹೆಸರಿಗೆಲ್ಲ ಫೀ ಬರೆದ. ತಾನೇ ತೆಗೆದುಕೊಟ್ಟ ಬಿಲ್ಲೆಗೆ ಸತ್ತವರನ್ನು ಬಾಕಿದಾರರನ್ನಾಗಿ ಮಾಡಿದ. ಇದರಲ್ಲಿ ದ್ವೇಷವೂ ಇಲ್ಲ, ಮೋಸವೂ ಇಲ್ಲ. ಮೋಸವಾಗಿದ್ದರೆ ಸ್ವಲ್ಪವಾದರೂ ತಲೆ ಓಡಿಸಿರುತ್ತಿದ್ದ. ಬರೀ ಸೋಮಾರಿತನ, ಅದರ ಮೇಲೆ ದರ್ಪ.

ಮರುದಿನವೇ ಹೋಗಿ ಮುನೀಮನಿಗೆ ಹೇಳಿದೆ. ಅವನು ಪೂರಾ ಕೇಳಿ, ಹಲ್ಲಿನ ಸಂದಿಯಿಂದ ಅಡಿಕೆ ಚೂರು ತೆಗೆದು, "ಹಂಗಂದ್ರ ಬಿಲ್ಲಿ ನೀನಾ ಅವ್ನಿಗೆ ಮಾರೀದಿ," ಅಂದ.

"ಏನಂದ್ರಿ?"

"ಬಿಲ್ಲಿ ಮಾರೋದು ಗುನ್ಹೆ ಐತಿ. ಸಾವಕಾರ್ರು ಮಾಫ್ ಮಾಡ್ಯಾರಂತ ಸುಮ್ಮಕಿದೀನಿ. ಜಾಸ್ತಿ ಮಾತಾಡಿದ್ರ ಅದನ್ನೂ ಹಲಗೀ ಮ್ಯಾಲ ಬರೀತೀನಿ."

ನಾನು ಕ್ಯಾಂಪಿಗೆ ನಡೆದುಹೋಗಿ ಆ ರೈತನನ್ನು ಕೇಳಿದೆ, ಒಮ್ಮೆ ನನ್ನ ಜೊತೆ ಬಂದು ನಿಜ ಹೇಳು ಎಂದು. ಅವನು ಗದ್ದೆಯ ಬದುವಿನ ಮೇಲೆ ನಿಂತು ಕೈ ಜೋಡಿಸಿದ. "ಅಮ್ಮಾ, ನಾಟಿ ಮುಂದಿದೆ. ಗೊಬ್ಬರಾ ಎಲ್ಲಾ ಅವ್ರ ಹತ್ರಾನೇ ಉದ್ರಿ. ನಾನಾಗಿ ಹೋಗಿ ಹೇಳೋದು ನನಗೆ ಆಗಲ್ಲ. ಆದ್ರ ಯಾರಾದ್ರೂ ಕೇಳಿದ್ರೆ ಅಬದ್ಧ, ಸುಳ್ಳು, ಹೇಳಲ್ಲ. ದೇವುಡ ಮ್ಯಾಲ ಆಣೆ." ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನ ಕಾಲಿಗೆ ಗದ್ದೆಯ ಕೆಸರು ಮೆತ್ತಿತ್ತು. ಅವನ ಹೆಸರು ಹಲಗೆಗೆ ಹತ್ತುವುದಕ್ಕೆ ಒಂದು ಬೇವಿನ ಕಡ್ಡಿಯಷ್ಟೇ ದೂರ.

ಇಷ್ಟಾದ ಮೇಲೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಸಂತೆಗೆ ಹೋಗುವುದನ್ನೇ ಬಿಟ್ಟೆ. ಸಾಮಾನನ್ನು ಮೈದುನನ ಕೈಲಿ ತರಿಸಿದೆ.

ದಾರಿ ತೋರಿಸಿದವರು ಆ ಅಂಗಡಿಯವರೇ. ದೀಪಾವಳಿ ಹತ್ತಿರ ಬಂದಾಗ ಅದೇ ಆಳು ಅದೇ ಸೈಕಲ್ಲಿನ ಮೇಲೆ ಬಂದು ಒಂದು ಕಾರ್ಡು ಕೊಟ್ಟ. ಮೂಲೆಗೆ ಅರಿಶಿನ ಹಚ್ಚಿದ ಅಚ್ಚಿನ ಕಾರ್ಡು. ಅಮಾವಾಸ್ಯೆಯ ದಿನ ಅಂಗಡಿಯ ಲಕ್ಷ್ಮೀ ಪೂಜೆ, ಖಾತೆದಾರರೆಲ್ಲರೂ ತಪ್ಪದೆ ಬಿಲ್ಲೆ ಸಮೇತ ಬರಬೇಕು. ಖಾಲಿ ಬಿಟ್ಟ ಜಾಗದಲ್ಲಿ ಮುನೀಮನ ಅಕ್ಷರದಲ್ಲಿ ನಮ್ಮವರ ಹೆಸರು. ಮುಂದೆ: ಸಕುಟುಂಬ ಸಮೇತ.

ಅದೇ ಖಾಲಿ ಮೊಳೆ. ಗೋಡೆ ನೋಡಿ ಫೀ ಬರೆದವನು ಗೋಡೆ ನೋಡಿಯೇ ಕಾರ್ಡೂ ಬರೆದಿದ್ದ. ಸತ್ತು ವರ್ಷ ಕಳೆದವರನ್ನು, ಹೆಂಡತಿ ಸಮೇತ, ಪೂಜೆಗೆ ಕರೆದಿದ್ದ. ಬಹಳ ದಿನಗಳ ಮೇಲೆ ನನಗೆ ನಗು ಬಂತು.

"ಹೋಗ್ತೀನಿ," ಅಂದೆ.

ಮೈದುನ ಉಣ್ಣುತ್ತಿದ್ದವನು ಕೈ ನಿಲ್ಲಿಸಿದ. "ಎಲ್ಲಿಗೆ? ಲಕ್ಷ್ಮೀ ಪೂಜಾಕ್ಕಾ? ಅತ್ತಿಗಿ, ತಲಿ ಸುದ್ದೈತಿಲ್ಲ? ಗಂಡ ಸತ್ತಾಕಿ ಆ ದಿನ ಅಂಗಡಿ ಮುಂದ ನಿಂತ್ರ ಕಲ್ಲು ಒಗೀತಾರ."

"ಕರದಾರಲ್ಲೋ. ನೋಡು, ಅರಿಶಿಣ ಹಚ್ಚಿ ಕರದಾರ."

"ಅವ್ರು ಅಣ್ಣನ್ನ ಕರದಾರ!"

"ಅವ್ರು ಬರಂಗಿಲ್ಲ. ನಾ ಹೋಗ್ತೀನಿ."

ಹಬ್ಬ ಹರಿದಿನಗಳಲ್ಲಿ ಹಿಂದೆ ಸರಿದು ನಿಲ್ಲುವುದನ್ನು ನಾನು ಆ ಒಂದೂವರೆ ವರ್ಷದಲ್ಲಿ ಚೆನ್ನಾಗಿ ಕಲಿತಿದ್ದೆ. ಯಾರೂ ಹೇಳಬೇಕಾಗಿರಲಿಲ್ಲ. ಆರತಿ ತಟ್ಟೆ ಬಂದರೆ ನಾನೇ ಅಡುಗೆ ಮನೆಗೆ ಹೋಗುತ್ತಿದ್ದೆ. ಅಂದು ಯೋಚಿಸಿದೆ. ನನ್ನ ಮಾತಿಗೆ ಹೆದರದವರು, ನ್ಯಾಯಕ್ಕೆ ಹೆದರದವರು, ನನ್ನ ಬರಿ ಹಣೆಗೆ ಹೆದರುವುದಾದರೆ ಅದನ್ನೇ ತೋರಿಸೋಣ. ಅದು ಅವರ ನಂಬಿಕೆ. ಅದರ ಖರ್ಚು ಅವರೇ ಭರಿಸಲಿ.

ಅಮಾವಾಸ್ಯೆಯ ದಿನ ಇಳಿಹೊತ್ತಿಗೆ ಅಂಗಡಿಯ ಮುಂದೆ ಹೋಗಿ ನಿಂತೆ. ಬಾಳೆಕಂಬ, ಮಾವಿನ ತೋರಣ, ಜಮಖಾನೆ. ಗಿರಾಕಿಗಳೆಲ್ಲ ಮಡಿ ಅಂಗಿ ಹಾಕಿಕೊಂಡು ಕುಳಿತಿದ್ದರು. ಲಕ್ಷ್ಮಿಯ ಪಟದ ಮುಂದಿನ ದೊಡ್ಡ ತಟ್ಟೆಯಲ್ಲಿ ಬಿಲ್ಲೆಗಳ ರಾಶಿ. ಲಿಂಗಸುಗೂರಿನ ಸಾಹುಕಾರ ರೇಷ್ಮೆ ಉಟ್ಟು ಮಣೆಯ ಮೇಲಿದ್ದ. ಪಂಚಾಂಗ ನೋಡುವ ಸ್ವಾಮಿಗಳು, "ಹೊತ್ತು ಮೀರತೈತಿ, ಲಗೂನ," ಎನ್ನುತ್ತಿದ್ದರು. ನಾನು ಮೆಟ್ಟಿಲು ಹತ್ತಲಿಲ್ಲ. ಕೆಳಗೆ, ನೇರ ಎದುರಿಗೆ ನಿಂತೆ. ಒಬ್ಬೊಬ್ಬರಾಗಿ ನೋಡಿದರು.

ಮುನೀಮ ಹೊಸ ಧೋತರದ ಚುಂಗು ಹಿಡಿದುಕೊಂಡು ಓಡಿ ಬಂದ. "ಏ ಯವ್ವಾ! ಇವತ್ತ್ಯಾಕ ಬಂದಿ? ಹೋಗು, ನಾಳಿ ಬಾ."

"ನೀವು ಕರದೀರಿ, ಬಂದೀನಿ."

"ಯಾರು ಕರದಾರ ನಿನ್ನ?"

ಕಾರ್ಡು ಕೊಟ್ಟೆ. ಅವನು ನೋಡಿ ಮಡಚಿ ಜೇಬಿಗೆ ಹಾಕಿಕೊಳ್ಳಲು ಹೋದ. ಒಳಗಿನಿಂದ ಸಾಹುಕಾರ, "ಏನದು? ತಾ ಇಲ್ಲೆ," ಅಂದ. ಓದಿದ. ಅವನ ಜಪಸರ ನಿಂತಿತು.

"ಇದು ತೀರಿಕೊಂಡವನ ಹೆಸರಲ್ಲೇನಲೇ? ಸತ್ತವ್ರಿಗಿ ಯಾರು ಕಾರ್ಡ್ ಬರದವ್ರು?"

"ಮೊಳಿ ಖಾಲಿ ಇತ್ತರೀ..." ಅಂದ ಮುನೀಮ.

ಕುಳಿತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು, "ಮುಂದಿನ ವರ್ಷ ನಮ್ಮಜ್ಜಗೂ ಒಂದು ಕಳಸಪಾ," ಅಂದರು. ಸಾಹುಕಾರನ ಮುಖ ಕೆಂಪಾಯಿತು. ನಾನು ಕೆಳಗಿನಿಂದಲೇ ಕೇಳುವಂತೆ ಹೇಳಿದೆ:

"ಸಾವಕಾರ್ರೀ, ಮೊಳಿ ಯಾಕ ಖಾಲಿ ಐತಿ ಅಂತ ಒಂದು ಸಲ ಕೇಳ್ರಿ. ಆ ನಂಬರಿನ ಬಿಲ್ಲಿ ನಿಮ್ಮ ತಟ್ಟ್ಯಾಗಾ ಐತಿ."

ಸ್ವಾಮಿಗಳು ಮತ್ತೆ ಹೊತ್ತಿನ ಮಾತೆತ್ತಿದರು. ಸಾಹುಕಾರನೇ ತಟ್ಟೆಯಲ್ಲಿ ಕೈಯಾಡಿಸಿ ನಲವತ್ತೊಂದನ್ನು ಹುಡುಕಿ ಎತ್ತಿ ಹಿಡಿದ. "ಯಾರದಿದು?"

ಹಿಂದಿನ ಸಾಲಿನಿಂದ ಕ್ಯಾಂಪಿನ ರೈತ ಎದ್ದ. "ನಂದೇ ಅಯ್ಯಾ."

"ಮುನೀಮ ಹೇಳಿದಂಗ ಈ ಹೆಣ್ಮಗಳು ಮಾರಿದ್ಲೇನು ನಿನಗ?"

"ಛೇ ಛೇ. ಈ ಅಮ್ಮನ್ನ ನಾನು ಈ ವರ್ಷಾನೇ ನೋಡಿದ್ದು, ಗಿರಣ್ಯಾಗ. ಬಿಲ್ಲಿ ಮುನೀಮ್ ಗಾರೇ ಕೊಟ್ರು. ಅಗೋ, ಆ ಗೋಡೆ ಮ್ಯಾಲಿಂದ." ಮುನೀಮನ ಕಡೆ ನೋಡದೆ ಕೈ ಎತ್ತಿ ಗೋಡೆ ತೋರಿಸಿದ. ಎಲ್ಲರೂ ಕತ್ತು ತಿರುಗಿಸಿ ಆ ಖಾಲಿ ಮೊಳೆಯನ್ನು, ಅದರ ಕೆಳಗಿನ ಹೆಸರನ್ನು ನೋಡಿದರು.

ಸಾಹುಕಾರನಿಗೆ ತಪ್ಪು ತಿಳಿಯಿತು. ಅದರಿಂದ ಅವನಿಗೆ ನೋವಾಯಿತೆಂದು ನಾನು ಹೇಳಲಾರೆ. ಹೊತ್ತು ಮೀರುತ್ತಿತ್ತು, ಎದುರಿಗೆ ಬರಿ ಹಣೆಯವಳು ನಿಂತಿದ್ದಳು, ಅದು ಅವನಿಗೆ ನೋವು. "ಆತು ತಂಗಿ. ಪೂಜಾ ಆಗ್ಲಿ, ಅಳಸ್ತಾರ. ನೀ ಈಗ ನಡಿ."

"ಅಳಿಸಿದ ಮ್ಯಾಲ ಹೋಗ್ತೀನ್ರಿ. ನನಗೇನೂ ಅವಸರ ಇಲ್ಲ."

ಸಾಹುಕಾರ ಮುನೀಮನ ಕಡೆ ಬರೀ ಕಣ್ಣು ತಿರುಗಿಸಿದ. ಮುನೀಮ ಸೀಮೆಎಣ್ಣೆಯ ಡಬ್ಬಿ, ಚಿಂದಿ ಬಟ್ಟೆ ತಂದು ನನ್ನ ಕೈಗೆ ಚಾಚಿದ. "ತಗೋ, ಅಳಸ್ಕೋ."

"ಬರದವ್ರು ನೀವು."

ಅವನು ಹೊಸ ಧೋತರವನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಬೀದಿಗಿಳಿದ. ಮೊದಲು ಮಾಫಿ ಹೋಯಿತು. ಆಮೇಲೆ ದಯೆ. ಹೆಸರಿನ ಬಣ್ಣ ಬಿಸಿಲಿಗೆ ಗಟ್ಟಿಯಾಗಿತ್ತು. ಮೊಣಕೈ ಊರಿ ಉಜ್ಜಬೇಕಾಯಿತು. ಸೀಮೆಎಣ್ಣೆ ಅವನ ತೋಳಿಗಿಳಿದು ಧೋತರಕ್ಕೆ ತೊಟ್ಟಿಕ್ಕಿತು. ಬೀದಿಯಲ್ಲಿ ಜನ ನಿಂತು ನೋಡಿದರು. ಕೊನೆಯ ಅಕ್ಷರ ಹೋಗುವವರೆಗೂ ನಾನು ಅಲ್ಲಾಡಲಿಲ್ಲ.

ಅಷ್ಟರಲ್ಲಿ ಸಾಹುಕಾರ ಮೆಟ್ಟಿಲಿನ ತುದಿಗೆ ಬಂದ. ಮತ್ತೆ ಅದೇ ಮೆತ್ತಗಿನ ನಗೆ. "ಮನಸ್ಸಿನಾಗ ಇಟ್ಕೋಬ್ಯಾಡ ತಂಗಿ. ನಿನ್ನ ಹೆಸರಲೆ ಹೊಸ ಬಿಲ್ಲಿ ಕೊಡ್ತೀನಿ. ಮೊದಲ ವರ್ಷ ಫೀ ಇಲ್ಲ."

ಅವನು ತಮಾಷೆ ಮಾಡುತ್ತಿರಲಿಲ್ಲ. ನಾನು ಒಂದು ಕ್ಷಣ ಅವನನ್ನು ನೋಡಿ, "ಬ್ಯಾಡ್ರಿ," ಅಂದೆ. ಅದಕ್ಕಿಂತ ಹೆಚ್ಚಿನ ಉತ್ತರಕ್ಕೆ ಅವನು ತಕ್ಕವನೆಂದು ನನಗೆ ಅನಿಸಲಿಲ್ಲ.

ಮುನೀಮ ಚಿಂದಿ ಬಿಸಾಕಿ ಕೈ ಒರೆಸಿಕೊಳ್ಳುತ್ತ, "ಈಗಾರ ಸಮಾಧಾನಾತೇನು?" ಅಂದ.

"ಇಷ್ಟು ದಿನ ನಮ್ಮವ್ರು ನಿಮ್ಮ ಬಾಕೀದಾರ ಆಗಿದ್ರು," ಅಂದೆ. "ಇವತ್ತ ಬರೇ ತೀರಿಕೊಂಡವ್ರು ಆದ್ರು."

ಹಿಂದಿನಿಂದ ಗಂಟೆ ಬಾರಿಸುವ ಸದ್ದು ಕೇಳಿತು. ನಾನು ತಿರುಗಿ ನೋಡದೆ ಬಸ್ ನಿಲ್ದಾಣದ ಕಡೆ ನಡೆದೆ. ಕಾಲುಗಳು ಹಗುರವಾಗಿದ್ದವು. ದಾರಿಯುದ್ದಕ್ಕೂ, ಅಂದು ನಡೆದದ್ದನ್ನೆಲ್ಲ ಮನೆಗೆ ಹೋಗಿ ಹೇಳಲೆಂದು ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡೆ. ಮೊದಲು ಕಾರ್ಡಿನ ವಿಷಯ, ಆಮೇಲೆ "ಮೊಳಿ ಖಾಲಿ ಇತ್ತರೀ" ಎಂದಾಗ ಸಾಹುಕಾರನ ಮುಖ. ಧೋತರಕ್ಕೆ ಸೀಮೆಎಣ್ಣೆ ತೊಟ್ಟಿಕ್ಕಿದ್ದನ್ನು ಕೊನೆಗೆ ಹೇಳಬೇಕು, ಅದಕ್ಕೆ ನಮ್ಮವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಇನ್ನೊಮ್ಮೆ ಹೇಳು ಎನ್ನುತ್ತಾರೆ. ಹೀಗೆ ಅಂದುಕೊಳ್ಳುತ್ತಲೇ ನಿಲ್ದಾಣ ತಲುಪಿದೆ.

ನಮ್ಮೂರ ಬಸ್ಸು ನಿಂತಿತ್ತು. ಕಂಡಕ್ಟರು ಬಾಗಿಲಿಗೆ ಜೋತುಬಿದ್ದು, "ಸಾಲಗುಂದಾ, ಸಾಲಗುಂದಾ! ಬಾ ಯವ್ವಾ, ಹತ್ತು ಲಗೂನ, ಹಬ್ಬದ ದಿನ ಮನ್ಯಾಗ ಹಾದಿ ನೋಡ್ತಿರ್ತಾರ," ಎಂದು ಕೂಗಿದ.

ಆ ಬಸ್ಸನ್ನು ಹೋಗಲು ಬಿಟ್ಟೆ.